ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಬಗ್ ಟ್ರ್ಯಾಕರ್ ಆರಿಸುವುದು ಹೇಗೆ?

[ಪರದೆ ತುಂಬ ಒಂದೇ ಪದ: ಚಿತ್ರದುಗರ್]

ನಮಸ್ಕಾರ, ದಾವಣಗೆರೆಯಿಂದ. ಈ ಪದ ಓದಿ. ಚಿತ್ರದುರ್ಗ ಅಂತ ಇರಬೇಕಿತ್ತು, ಅಲ್ವಾ?

ಹಳೆಯ ಆಸ್ಕಿ ಫಾಂಟ್‌ನ ಬರಹವನ್ನು ಯೂನಿಕೋಡ್‌ಗೆ, ಅಂದರೆ ಇವತ್ತಿನ ಫೋನು, ಕಂಪ್ಯೂಟರ್‌ಗಳು ಬಳಸುವ ಅಕ್ಷರ ಸಂಕೇತಕ್ಕೆ, ಬದಲಿಸುವ ಸಣ್ಣ ಟೂಲ್ ಒಂದನ್ನು ನಾವು ಮೂರು ಜನ ಬರೆಯುತ್ತಿದ್ದೇವೆ. ಹಳೆ ಫಾಂಟ್‌ನಲ್ಲಿ ಅರ್ಕಾವೊತ್ತು ‘ಗ’ ಆದಮೇಲೆ ಕೂರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ನಮ್ಮ ಕೋಡ್ ಅದನ್ನು ಮುಂದಕ್ಕೆ ತಂದಿರಲಿಲ್ಲ.

ತಪ್ಪು ಹಿಡಿದವರು ಮಂಡಿಪೇಟೆಯ ಒಬ್ಬ ಡಿಟಿಪಿ ಆಪರೇಟರ್. ಲಗ್ನಪತ್ರಿಕೆಯ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದರು. “ಸರಿ ಮಾಡ್ತೀನಿ ಅಣ್ಣ” ಅಂದೆ. ನಾಲ್ಕು ತಿಂಗಳು ಹಾಗೇ ಉಳಿಯಿತು. ಅಷ್ಟರಲ್ಲಿ ನಮ್ಮ ಇನ್ನೊಬ್ಬ ಗೆಳೆಯ ಅದೇ ಬಗ್ ಹಿಂದೆ ಎರಡು ರಾತ್ರಿ ಕೂತಿದ್ದ. ಫೋಟೋ ನನ್ನ ಫೋನಿನಲ್ಲಿತ್ತು, ಅವನಿಗೆ ಗೊತ್ತಾಗುವುದು ಹೇಗೆ?

ಇಂಥ ಬಗ್‌ಗಳನ್ನು ತಂಡಕ್ಕೆಲ್ಲ ಕಾಣುವಂತೆ ಒಂದೇ ಕಡೆ ಬರೆದಿಡುವುದೇ ಬಗ್ ಟ್ರ್ಯಾಕರ್. ಹಾಗಾಗಿ ಅದನ್ನು ಆರಿಸುವಾಗ ಫೀಚರ್ ಪಟ್ಟಿ ಪಕ್ಕಕ್ಕಿಡಿ. ನಿಮ್ಮದೇ ಒಂದು ಬಗ್ ತೆಗೆದುಕೊಳ್ಳಿ. ಅದು ಯಾರ ಕೈಯಿಂದ ಬಂತು, ಯಾವ ಕಮಿಟ್‌ನಲ್ಲಿ (ಕೋಡ್‌ಗೆ ಸೇರಿಸಿದ ಬದಲಾವಣೆಯಲ್ಲಿ) ಸರಿಹೋಯಿತು, ಆ ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ನೋಡಿ.

ಕೋಡ್ ಒಂದು ಕಡೆ, ಬಗ್ ಇನ್ನೊಂದು ಕಡೆ ಇದ್ದರೆ ಓಡಾಟ ಜಾಸ್ತಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೋಡ್ 2017ರಲ್ಲೇ ಗಿಟ್‌ಹಬ್ ಎಂಬ ಕೋಡ್ ಇಡುವ ತಾಣಕ್ಕೆ ಬಂದಿತ್ತು, ಬಗ್‌ಗಳು ಆಮೇಲೆ 2022ರಲ್ಲಿ ಬಂದವು. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್ ಕೂಡ 2018ರಲ್ಲಿ ಬಗ್‌ಜಿಲ್ಲಾ ಎಂಬ ಟ್ರ್ಯಾಕರ್ ಬಿಟ್ಟು, ಕೋಡ್ ಮತ್ತು ಬಗ್ ಎರಡನ್ನೂ ಇಡುವ ಗಿಟ್‌ಲ್ಯಾಬ್ ಸೇರಿತು. ಎರಡೂ ಒಂದೇ ಕಡೆ ಇದ್ದರೆ ಕಮಿಟ್ ಸಂದೇಶದಲ್ಲಿ ‘ಫಿಕ್ಸಸ್ #14’ ಅಂತ ಇಂಗ್ಲಿಷ್‌ನಲ್ಲಿ ಬರೆದರೆ ಸಾಕು. ಅದು ಮುಖ್ಯ ಬ್ರಾಂಚಿಗೆ (ಕೋಡ್‌ನ ಮುಖ್ಯ ಪ್ರತಿಗೆ) ಸೇರಿದ ಕೂಡಲೇ 14ನೇ ಇಶ್ಯೂ, ಅಂದರೆ ಟ್ರ್ಯಾಕರ್‌ನಲ್ಲಿ ಆ ಬಗ್‌ನ ನಮೂದು, ತಾನೇ ಮುಚ್ಚಿಕೊಳ್ಳುತ್ತದೆ.

ಆದರೆ ಡಿಟಿಪಿ ಅಣ್ಣ ಎಲ್ಲಿಯೂ ಖಾತೆ ತೆರೆಯುವವರಲ್ಲ. ತೆರೆಯಿರಿ ಅನ್ನುವುದೂ ಸರಿಯಲ್ಲ. ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ ಮೊದಲಿನಿಂದಲೂ ಇಮೇಲ್‌ನಲ್ಲೇ ಬಗ್ ತೆಗೆದುಕೊಳ್ಳುತ್ತದೆ, ಖಾತೆ ಕೇಳುವುದಿಲ್ಲ. ನಮಗೆ ಬೇಕಿದ್ದದ್ದು ಅದೇ ಬಾಗಿಲು. ಗಿಟ್‌ಲ್ಯಾಬ್‌ನ ಸರ್ವಿಸ್ ಡೆಸ್ಕ್‌ನಲ್ಲಿ ಅದು ಸಿಕ್ಕಿತು.

[ಪರದೆ: ಮೇಲ್ ಇಶ್ಯೂ ಆಗುವ ರೆಕಾರ್ಡಿಂಗ್]

ಒಂದು ವಿಳಾಸ ಕೊಟ್ಟೆವು. ಅಣ್ಣ ಫೋಟೋ ಮೇಲ್ ಮಾಡುತ್ತಾರೆ, ಅದು ಇಶ್ಯೂ ಆಗುತ್ತದೆ. ಮೊದಲು ನಮಗೆ ಮಾತ್ರ ಕಾಣುತ್ತದೆ. ಇದು ಒಳ್ಳೆಯದೇ: ಲಗ್ನಪತ್ರಿಕೆಯಲ್ಲಿ ಮನೆಯವರ ಫೋನ್ ನಂಬರ್ ಇರುತ್ತದೆ. ಅದನ್ನು ತೆಗೆದೇ ಎಲ್ಲರಿಗೂ ತೆರೆಯುತ್ತೇವೆ.

ಚಿತ್ರದುರ್ಗ ಸರಿಯಾದ ದಿನ ಆ ಇಶ್ಯೂನಲ್ಲೇ “ಹೊಸ ವರ್ಷನ್ ಹಾಕ್ಕೊಳ್ಳಿ ಅಣ್ಣ” ಅಂತ ಬರೆದೆ. ಅದು ಅವರ ಮೇಲ್‌ಗೆ ಹೋಯಿತು. ಮರುದಿನವೇ ಉತ್ತರ: “ದುರ್ಗ ಸರಿ ಬಂತು. ‘ಕೀರ್ತಿ’ ಇನ್ನೂ ಒಡೀತಿದೆ ನೋಡಪ್ಪ.”

[ಪರದೆ: #15, ತೆರೆದಿದೆ]