ಕೌದಿಯೊಳಗಿನ ಬೆಳಕು

ಕೇಳುಗರೆಲ್ಲರಿಗೂ ನಮಸ್ಕಾರ.

ತೊಗರಿ ರಾಶಿ ಮುಗಿಯಿತೆಂದರೆ ಜೇವರ್ಗಿ ಸೀಮೆಯ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಅಜ್ಜಿ, ಮೊಮ್ಮಕ್ಕಳಷ್ಟೇ ಉಳಿಯುತ್ತಾರೆ. ದುಡಿಯುವ ಕೈಗಳೆಲ್ಲ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗಿರುತ್ತವೆ. ಹೋಗುವಾಗ ಮನೆಯಲ್ಲೊಂದು ಮೊಬೈಲ್ ಬಿಟ್ಟು ಹೋಗುತ್ತಾರೆ. ರಾತ್ರಿ ಎಂಟಕ್ಕೆ ಅದರಲ್ಲಿ ಅವ್ವನ ಮುಖ ಕಾಣುತ್ತದೆ. ಉಂಡೆಯಾ, ಶಾಲೆಗೆ ಹೋಗಿದ್ದೆಯಾ ಎಂದು ಹತ್ತು ನಿಮಿಷದ ಮಾತು. ಆಮೇಲೆ ಅಜ್ಜಿ ಮಲಗುತ್ತಾಳೆ, ಮೊಬೈಲ್ ಹುಡುಗನ ಜೊತೆ ಕೌದಿಯೊಳಗೆ ಹೋಗುತ್ತದೆ.

ನಾನು ಪ್ರೌಢಶಾಲೆಯ ಶಿಕ್ಷಕಿ. ಎಂಟನೆಯ ತರಗತಿಯ ಒಬ್ಬ ಹುಡುಗ ಮೊದಲ ಪಿರಿಯಡ್‌ನಲ್ಲೇ ಕಂಪಾಸ್ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದ. ಗದರಿಸದೆ ಪಕ್ಕದಲ್ಲಿ ಕುಳಿತು ಕೇಳಿದೆ. "ರೀಲ್ಸ್ ಮುಗಿಯುವುದೇ ಇಲ್ಲ ಟೀಚರ್, ಎಲ್ಲಿ ನಿಲ್ಲಿಸಬೇಕು?" ಎಂದ. ನೆಪ ಹೇಳುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ನಮ್ಮ ಬಯಲಾಟವೂ ಬೆಳಗಾಗುವಷ್ಟರಲ್ಲಿ ಮಂಗಳ ಹಾಡಿ ಮುಗಿಯುತ್ತದೆ. ರೀಲ್ಸ್‌ಗೆ ಮಂಗಳವಿಲ್ಲ. ಅವನು ನೋಡಿದಷ್ಟೂ ಜಾಹೀರಾತು ಮಾರಾಟವಾಗುತ್ತದೆ. ಅದಕ್ಕಾಗಿಯೇ ಅದನ್ನು ಕೊನೆಯಿಲ್ಲದಂತೆ ಕಟ್ಟಿದ್ದಾರೆ. ಹದಿಮೂರರ ಹುಡುಗನ ಮನೋಬಲವನ್ನು ಅದರ ಎದುರು ನಿಲ್ಲಿಸಿ ಸೋತರೆ ಬೈಯುವುದು ಅನ್ಯಾಯ.

ಆದ್ದರಿಂದ ಹದಿನಾರು ತುಂಬುವವರೆಗೆ ಸಾಮಾಜಿಕ ಜಾಲತಾಣದ ಖಾತೆ ಬೇಡ ಎನ್ನುವವಳು ನಾನು. ಆಸ್ಟ್ರೇಲಿಯಾ 2024ರಲ್ಲಿ ಇಂಥದೇ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ಅದರಲ್ಲಿ ನನಗೆ ಹಿಡಿಸಿದ್ದು, ಮಗುವಿಗೂ ತಂದೆತಾಯಿಗೂ ದಂಡವಿಲ್ಲ. ಖಾತೆ ತಡೆಯಲು ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಒಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಪಾಲಕರು ಪುಣೆಯ ತಗಡಿನ ಶೆಡ್ಡಿನಲ್ಲಿದ್ದಾರೆ. ಅಜ್ಜಿಗೆ ಅಕ್ಷರ ಬಾರದು. ಒಪ್ಪಿಗೆಯ ಗುಂಡಿ ಒತ್ತುವವನು, ಹುಟ್ಟಿದ ವರ್ಷ 2000 ಎಂದು ಬರೆಯುವವನು, ಆ ಹುಡುಗನೇ.

ಆದರೂ ನಿಷೇಧ ಎಂಬ ಮಾತು ನಮ್ಮ ಓಣಿಗೆ ಬಂದರೆ ಏನಾಗುತ್ತದೆಂಬ ಭಯ ನನಗಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಕಾರ್ಯಕ್ರಮದ ಫೋಟೋವನ್ನು ಸ್ಟೇಟಸ್‌ಗೆ ಹಾಕಿದ್ದಳು. ಯಾರೋ ಅದನ್ನು ತೆಗೆದು ಅವಳ ಹೆಸರಿನಲ್ಲಿ ನಕಲಿ ಖಾತೆ ತೆರೆದರು. ಮನೆಯವರು ಮೊದಲು ಮೊಬೈಲ್ ಕಿತ್ತುಕೊಂಡರು, ಮರುವಾರ ಶಾಲೆ ಬಿಡಿಸಿದರು. ನಾವು ಅವಳ ಮನೆಗೆ ಹೋದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಹೊರಗೆ ಬರಲಿಲ್ಲ. ಸೋದರಮಾವ ಗಂಡು ನೋಡುವ ಮಾತಾಡುತ್ತಿದ್ದ. ಸೈಬರ್ ವಂಚನೆಗೆ 1930, ಮಕ್ಕಳಿಗೆ ತೊಂದರೆಯಾದರೆ 1098 ಎಂದು ಚೀಟಿ ಬರೆದುಕೊಟ್ಟೆ. ಎರಡನೆಯ ಸಲ ಹೋದ ಮೇಲೆ, ಹನ್ನೊಂದು ದಿನ ಕಳೆದು, ಅವಳು ಶಾಲೆಗೆ ಬಂದಳು. ಖಾತೆ ತೆರೆದವನು ಒಂದು ದಿನವೂ ಶಾಲೆ ತಪ್ಪಿಸಿಕೊಂಡಿರಲಿಲ್ಲ, ಅವನ ಮೊಬೈಲನ್ನೂ ಯಾರೂ ಕಿತ್ತುಕೊಂಡಿರಲಿಲ್ಲ. ತಡೆಯುವ ಹೊಣೆಯನ್ನು ಕಂಪನಿಯ ಮೇಲೆ ಹಾಕದೆ ಮನೆಗೆ ಬಿಟ್ಟರೆ, ಅದು ಹೆಣ್ಣುಮಕ್ಕಳ ಮೇಲೆಯೇ ಬೀಳುತ್ತದೆ.

ಇನ್ನು ಅವ್ವನ ಕರೆ ಮುಗಿದ ಮೇಲಿನ, ರಾತ್ರಿ ಎಂಟೂವರೆಯ ಆ ಹೊತ್ತು. ಅದನ್ನು ಖಾಲಿ ಬಿಟ್ಟು ಬೇಡ ಎಂದರೆ ಯಾವ ಮಗುವೂ ಕೇಳುವುದಿಲ್ಲ. ಕಳೆದ ಚಳಿಗಾಲದಲ್ಲಿ ನಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಎರಡು ತಿಂಗಳು ರಾತ್ರಿ ಒಂಬತ್ತರವರೆಗೆ ತೆರೆದಿಟ್ಟೆವು. ಕಂಪಾಸ್ ಹಿಡಿದು ಮಲಗಿದ್ದ ಹುಡುಗ ಕೇರಂ ಆಡಲು ಬಂದ, ನಾಲ್ಕನೆಯ ದಿನ ಪುಸ್ತಕ ತೆಗೆದ. ಅವ್ವನ ಕರೆ ಬಂದರೆ ಹೊರಗೆ ಕಟ್ಟೆಯ ಮೇಲೆ ಕುಳಿತು ಮಾತಾಡಿ ಬರುತ್ತಿದ್ದ. ಆಮೇಲೆ ದೀಪದ ಬಿಲ್ಲು ಯಾರು ಕಟ್ಟಬೇಕು ಎಂಬ ತಕರಾರಿನಲ್ಲಿ ಅದು ನಿಂತುಹೋಯಿತು. ಈ ಮಾತು ಕೇಳುತ್ತಿರುವ ಪಂಚಾಯಿತಿ ಸದಸ್ಯರೇ, ನಿಮ್ಮೂರಿನ ಕೇಂದ್ರವನ್ನು ಈ ಗುಳೆಯ ತಿಂಗಳುಗಳಲ್ಲಾದರೂ ರಾತ್ರಿ ತೆರೆದಿಡಿ. ನಮಸ್ಕಾರ.