ಸೆಮಿನಾರಿಗೆ ಹೋದರೆ ಊಟ ಆದ ಮೇಲೂ ಕೂರಿ

ನಮಸ್ಕಾರ. ಮಡಿಕೇರಿ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ಈ ಮಾತು. ಅದರಲ್ಲೂ ರೊಬಸ್ಟಾ ಕೊಯ್ಲು ಇನ್ನೂ ಮುಗಿಯದೆ, ಕಣದಲ್ಲಿ ಕಾಫಿ ಹರವಿಕೊಂಡು ಮೋಡ ನೋಡುತ್ತಾ ಕೂತವರಿಗೆ.

ಫೆಬ್ರವರಿ ಬಂತು ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನದ ಕಾರ್ಯಕ್ರಮಗಳು ಒಂದರ ಹಿಂದೆ ಒಂದು ಶುರು. ತಿಂಗಳ ನಡುವೆ ಹಕ್ಕಿ ಎಣಿಕೆ. 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಅದರ ಆಸುಪಾಸಿನಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅಲ್ಲಿ ಓಪನ್ ಡೇ. ಮಾರ್ಚ್‌ನಲ್ಲಂತೂ ಸೆಮಿನಾರ್‌ಗಳು ಸಾಲುಗಟ್ಟುತ್ತವೆ, ಯಾಕೆಂದರೆ ಮಂಜೂರಾದ ಹಣ 31ರೊಳಗೆ ಖರ್ಚಾಗಬೇಕು. ಆಮೇಲೆ ಇಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟ್ ಪ್ರದರ್ಶನ, ಮೇ 11ಕ್ಕೆ ತಂತ್ರಜ್ಞಾನ ದಿನ, ಆಗಸ್ಟ್ 23ಕ್ಕೆ ಬಾಹ್ಯಾಕಾಶ ದಿನ, ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಜಿಕೆವಿಕೆ ಅಂತಾರಲ್ಲ, ಅಲ್ಲಿ ಕೃಷಿ ಮೇಳ.

ಇದರಲ್ಲಿ ಕೃಷಿ ಮೇಳವೊಂದಕ್ಕೆ ನಾವು ಬಸ್ ಮಾಡಿಕೊಂಡು ಹೋಗುತ್ತೇವೆ. ಉಳಿದವುಗಳ ಸುದ್ದಿ ಪೇಪರಿನಲ್ಲಿ ಬರುವುದು ಮರುದಿನ, ಫೋಟೋ ಸಮೇತ, ಎಲ್ಲಾ ಮುಗಿದ ಮೇಲೆ. ಅದನ್ನು ನೋಡಿ ‘ಓದಿದವರ ವಿಷಯ, ನಮಗೆ ಯಾಕೆ’ ಅಂತ ಪೇಪರ್ ಮಡಚಿ ಇಡುತ್ತೇವೆ. ನನಗೆ ತಕರಾರಿರುವುದು ಇಲ್ಲೇ. ಅಲ್ಲಿ ಚರ್ಚೆಯಾಗುವ ಕಾಫಿ ನಮ್ಮದು, ಜೇನು ನಮ್ಮದು, ಕುಸಿದ ಗುಡ್ಡ ನಮ್ಮದು, ದೇವರಕಾಡು ನಮ್ಮದು. ಮಾತಾಡುವಾಗ ಮಾತ್ರ ನಾವು ಇರುವುದಿಲ್ಲ.

ಇಷ್ಟು ಸಣ್ಣ ಜಿಲ್ಲೆಯಲ್ಲಿ ಎಷ್ಟು ಸಂಶೋಧನೆಯ ಜಾಗಗಳಿವೆ ನೋಡಿ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಲ್ಲೇ ತೋಟಗಾರಿಕೆಯವರ ಪ್ರಯೋಗ ಕೇಂದ್ರ. ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆಯವರು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯ. ಈ ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಅಂತ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ಆಯಿತು. ಉಳಿಯಬೇಕು ಅನ್ನುವವರು ಮೊದಲು ಒಂದು ಸಲ ಅದರ ಗೇಟಿನೊಳಗೆ ಕಾಲಿಡಬೇಕು ಅಂತ ನನ್ನ ಅಭಿಪ್ರಾಯ.

ಸರಿ, ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ ಅಂತ ಇರುತ್ತದೆ. ಹತ್ತಕ್ಕೆ ಅದು ಶುರುವಾಗುವುದಿಲ್ಲ, ನಿಮಗೂ ಗೊತ್ತು. ಶುರುವಾದ ಮೇಲೆ ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಅಷ್ಟರಲ್ಲಿ ಊಟದ ಹೊತ್ತು. ಊಟ ಚೆನ್ನಾಗಿಯೇ ಇರುತ್ತದೆ. ಊಟ ಮಾಡಿ ಕೈ ತೊಳೆದು, ಎರಡು ಗಂಟೆ ಬಸ್ಸಿಗೆ ಹೊರಟುಬಿಡುತ್ತೇವೆ. ಅಸಲು ಕೆಲಸ ಶುರುವಾಗುವುದೇ ಆಮೇಲೆ.

ಮಧ್ಯಾಹ್ನದ ಮೇಲೆ ಹಾಲಿನ ಹೊರಗೆ, ವರಾಂಡದಲ್ಲಿ, ಪೋಸ್ಟರ್‌ಗಳು ಇರುತ್ತವೆ. ಆಳೆತ್ತರದ ಒಂದೊಂದು ಹಾಳೆ, ಗೋಡೆಗೋ ಬೋರ್ಡಿಗೋ ಅಂಟಿಸಿರುತ್ತಾರೆ, ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಅನ್ನುತ್ತಿರುತ್ತದೆ. ಪಕ್ಕದಲ್ಲಿ ಎಂಎಸ್ಸಿ ಓದುವ ಹುಡುಗಿಯೋ, ಪಿಎಚ್‌ಡಿ ಮಾಡುವ ಹುಡುಗನೋ ನಿಂತಿರುತ್ತಾರೆ. ಎರಡು ಮೂರು ವರ್ಷ ನಮ್ಮದೇ ಊರಿನ ತೋಟಗಳಲ್ಲಿ ಅಲೆದು, ಜಿಗಣೆ ಕಚ್ಚಿಸಿಕೊಂಡು ಮಾಡಿದ ಕೆಲಸ ಅದು. ತೀರ್ಪುಗಾರರು ಬಂದು ಎರಡು ನಿಮಿಷ ನೋಡಿ ಹೋಗುತ್ತಾರೆ. ಆಮೇಲೆ ಯಾರೂ ಬರುವುದಿಲ್ಲ. ಸುಮ್ನೆ ಮೊಬೈಲ್ ನೋಡುತ್ತಾ ನಿಂತಿರುತ್ತಾರೆ ಪಾಪ.

ಅಲ್ಲಿಗೆ ಹೋಗಿ. ಪೋಸ್ಟರ್ ಇಂಗ್ಲಿಷಿನಲ್ಲಿದ್ದರೆ ಇರಲಿ. ‘ಇದು ಏನು ಮಗಾ, ಸ್ವಲ್ಪ ಕನ್ನಡದಲ್ಲಿ ಹೇಳು’ ಅನ್ನಿ. ಆ ಮಗು ಹೇಳುವುದಕ್ಕೆ ಶುರುಮಾಡಿದರೆ ಆಮೇಲೆ ನಿಲ್ಲಿಸುವುದು ಕಷ್ಟ.

ಕೇಳಬೇಕಾದದ್ದು ಹೆಚ್ಚೇನಿಲ್ಲ. ಎಷ್ಟು ಗಿಡದ ಮೇಲೆ ಮಾಡಿದ್ದು? ಯಾರ ತೋಟ, ಎಷ್ಟು ನೆರಳಿತ್ತು? ಎಷ್ಟು ವರ್ಷ? ಈ ಕೊನೆಯದನ್ನು ಬಿಡಬೇಡಿ. ಕಾಫಿ ಒಂದು ವರ್ಷ ಹೊರೆ ಬಿಟ್ಟರೆ ಮರುವರ್ಷ ಸುಸ್ತಾಗುವ ಗಿಡ. ಒಂದೇ ವರ್ಷದ ಲೆಕ್ಕ ಇಟ್ಟುಕೊಂಡು ‘ಈ ಗೊಬ್ಬರ ಹಾಕಿದ್ದಕ್ಕೆ ಫಸಲು ಜಾಸ್ತಿಯಾಯಿತು’ ಅಂದರೆ ಅದು ಗೊಬ್ಬರದ ಮಹಿಮೆಯೋ, ಗಿಡದ ಸರದಿಯೋ ಹೇಳುವುದು ಹೇಗೆ? ಇದು ನಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೂ ಮೇಸ್ತ್ರಿಗೂ ಗೊತ್ತಿರುವ ವಿಷಯ. ಕೇಳುವುದಕ್ಕೆ ಡಿಗ್ರಿ ಬೇಕಾಗಿಲ್ಲ.

ಇನ್ನೊಂದು ವಿಷಯ. ಪೋಸ್ಟರಿನಲ್ಲಿ ಬಣ್ಣಬಣ್ಣದ ಕಂಬಗಳ ಚಿತ್ರ ಇರುತ್ತದೆ, ಗ್ರಾಫ್. ಒಂದು ಕಂಬ ಎತ್ತರ, ಒಂದು ಗಿಡ್ಡ. ಕಂಬದ ತಲೆ ಮೇಲೆ ಇಂಗ್ಲಿಷಿನ ಐ ಅಕ್ಷರದ ಹಾಗೆ ಒಂದು ಸಣ್ಣ ಗೆರೆ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ನೀವು ಅದನ್ನೇ ನೋಡಿ. ಅಳತೆಗಳು ಎಷ್ಟು ಹಿಂದೆ ಮುಂದೆ ಆಗಬಹುದು ಅಂತ ಹೇಳುವ ಗೆರೆ ಅದು. ಗೆರೆ ಚಿಕ್ಕದಿದ್ದರೆ ಲೆಕ್ಕ ಗಟ್ಟಿ. ಉದ್ದವಿದ್ದು, ಪಕ್ಕದ ಕಂಬದ ಗೆರೆಯ ಮಟ್ಟಕ್ಕೂ ಚಾಚಿಕೊಂಡಿದ್ದರೆ, ‘ಈ ವ್ಯತ್ಯಾಸ ನಿಜವಾ, ಆಕಸ್ಮಿಕವಾ’ ಅಂತ ಕೇಳಿ. ಗೆರೆಯೇ ಇಲ್ಲದಿದ್ದರೆ ‘ಯಾಕೆ ಹಾಕಿಲ್ಲ’ ಅನ್ನಿ. ಹುಡುಗ ಸ್ವಲ್ಪ ಬೆವರಬಹುದು. ಒಳ್ಳೆಯದೇ, ಮುಂದೆ ಪರೀಕ್ಷಕರು ಕೇಳುವಾಗ ಉತ್ತರ ಬಾಯಲ್ಲಿರುತ್ತದೆ.

ಹೋಗುವಾಗ ಮನೆಯಿಂದ ಒಂದು ಪ್ರಶ್ನೆ ತಗೊಂಡು ಹೋಗಿ. ಜೇನಿನ ವಿಷಯವನ್ನೇ ತಗೊಳ್ಳಿ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗ ಬೇಕೇಬೇಕು. ಅದನ್ನು ಗಾಳಿ ತರಬೇಕು, ಇಲ್ಲವೇ ಹೆಜ್ಜೇನು, ತುಡುವೆ, ಮುಜಂಟಿ ತರಬೇಕು. ಹಿಂದೆ ಹೂಮಳೆ ಬಂದರೆ ಇಡೀ ನಾಡು ಒಂದೇ ಸಲ ಬೆಳ್ಳಗಾಗುತ್ತಿತ್ತು. ಈಗ ಕೆರೆ ಇದ್ದವರು ಫೆಬ್ರವರಿ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ, ಎಂಟು ಹತ್ತು ದಿನಕ್ಕೆ ಅವರ ತೋಟ ಮಾತ್ರ ಅರಳುತ್ತದೆ. ಅಕ್ಕಪಕ್ಕದಲ್ಲಿ ಹೂವಿಲ್ಲದಾಗ ಜೇನೆಲ್ಲ ಆ ಒಂದು ತೋಟಕ್ಕೇ ಬರುತ್ತದಾ? ಆಮೇಲೆ ಮಳೆಗೆ ಎಲ್ಲರದ್ದೂ ಒಟ್ಟಿಗೆ ಅರಳಿದಾಗ ಇರುವ ಜೇನು ಹಂಚಿಹೋಗಿ ಕಾಯಿ ಕಡಿಮೆಯಾಗುತ್ತದಾ? ಹತ್ತಿರದಲ್ಲಿ ದೇವರಕಾಡು ಇದ್ದವರಿಗೆ ಲಾಭ ಇದೆಯಾ? ಕೊಡಗಿನ ತೋಟಗಳಲ್ಲೇ ಇಂಥ ಪರಾಗಸ್ಪರ್ಶದ ಅಧ್ಯಯನ ನಡೆದಿದೆ, ಅರಣ್ಯ ಕಾಲೇಜಿನವರೂ ಸೇರಿಕೊಂಡು. ಫಲಿತಾಂಶ ಇಂಗ್ಲಿಷ್ ಪತ್ರಿಕೆಗಳಲ್ಲಿದೆ. ನಮಗೆ ಬೇಕಾದರೆ ನಾವೇ ಹೋಗಿ ಬಾಯಿಬಿಟ್ಟು ಕೇಳಬೇಕು, ಅಷ್ಟೇ.

ನಮ್ಮ ಹತ್ತಿರ ಕೊಡುವುದಕ್ಕೂ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟು ಮನೆಗಳಲ್ಲಿ ಮಳೆ ಪುಸ್ತಕ ಇದೆ! ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ, ಬೆಳಿಗ್ಗೆ ಎದ್ದು ಇಂಚು ಸೆಂಟಿನಲ್ಲಿ ಬರೆಯುವುದು, ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಒಂದು ಇಂಚು ಹತ್ತು ಸೆಂಟು, ಎರಡು ಇಂಚು ನಲವತ್ತು ಸೆಂಟು. ಅಜ್ಜ ಬರೆದದ್ದು, ಆಮೇಲೆ ಅಪ್ಪ, ಈಗ ನೀವು. ಮೂಲೆಯಲ್ಲಿ ‘ಇಂದು ಬ್ಲಾಸಂ’, ‘ಬ್ಯಾಕಿಂಗ್ ಆಗಲಿಲ್ಲ’, ‘ಸೇತುವೆ ಮುಳುಗಿತು’ ಅಂತ ಟಿಪ್ಪಣಿ. ಬ್ಲಾಸಂ ಅಂದರೆ ಕಾಫಿ ಹೂ ಅರಳುವುದು, ಬ್ಯಾಕಿಂಗ್ ಅಂದರೆ ಅದರ ಹಿಂದೆ ಬೇಕಾದ ಇನ್ನೊಂದು ಮಳೆ. ಕೆಲವು ಪುಟ ಗೆದ್ದಲು ತಿಂದಿರುತ್ತದೆ.

ಈಗ ಸರ್ಕಾರದ್ದು ಪಂಚಾಯಿತಿಗೊಂದರಂತೆ ತಾನಾಗಿ ಅಳೆಯುವ ಮಳೆ ಮಾಪಕ ಇದೆ, ಒಳ್ಳೆಯದೇ. ಆದರೆ ಅದು ಈಚೆಗೆ ಬಂದದ್ದು. ಐವತ್ತು ವರ್ಷದ ಹಿಂದೆ ನಿಮ್ಮ ಗುಡ್ಡದ ಈ ಮಗ್ಗುಲಲ್ಲಿ ಜುಲೈನಲ್ಲಿ ಎಷ್ಟು ಸುರಿಯಿತು ಅಂತ ಅದು ಹೇಳಲಾರದು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ಏನಾಯಿತು, 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ಎಷ್ಟು ದಿನದಲ್ಲಿ ಎಷ್ಟು ಮಳೆ ಬಿದ್ದರೆ ಯಾವ ಇಳಿಜಾರು ಜಾರುತ್ತದೆ ಅಂತ ಲೆಕ್ಕ ಹಾಕುವವರಿಗೆ ಇಂಥ ಹಳೆಯ, ಒಂದೇ ಜಾಗದ, ದಿನದಿನದ ಅಂಕಿ ಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ನಿಮ್ಮ ಮನೆಯಲ್ಲಿ ಆರಕ್ಕೆ ಅಳೆಯುತ್ತಿದ್ದರೂ ತೊಂದರೆಯಿಲ್ಲ, ಎಷ್ಟು ಹೊತ್ತಿಗೆ ಅಂತ ಹೇಳಿಬಿಡಿ, ಡಬ್ಬಿಯನ್ನು ಯಾವಾಗಾದರೂ ಜಾಗ ಬದಲಿಸಿದ್ದರೆ ಅದನ್ನೂ ಹೇಳಿ. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಆ ಲೆಕ್ಕ ಮಕ್ಕಳು ಮಾಡಲಿ. ಒಂದು ಎಚ್ಚರಿಕೆ ಮಾತ್ರ. ಮೂಲ ಪುಸ್ತಕ ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಕೊಡಿ, ಇಲ್ಲ ಅಲ್ಲೇ ಕೂತು ಫೋಟೋ ತೆಗೆಸಿ. ತಗೊಂಡು ಹೋದ ಪುಸ್ತಕ ವಾಪಸ್ ಬಂದದ್ದು ಕಡಿಮೆ.

ಇಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟ್ ಬಗ್ಗೆಯೂ ಒಂದು ಮಾತು. ಕೊನೆಯ ವರ್ಷದಲ್ಲಿ ಎಲ್ಲರೂ ಒಂದು ಪ್ರಾಜೆಕ್ಟ್ ಮಾಡಬೇಕು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆಯ್ದ ಪ್ರಾಜೆಕ್ಟುಗಳಿಗೆ ಹಣವನ್ನೂ ಕೊಡುತ್ತದೆ. ಆದರೆ ಪ್ರದರ್ಶನಕ್ಕೆ ಹೋದರೆ ಹೆಚ್ಚಾಗಿ ಕಾಣುವುದು ಪಾರ್ಕಿಂಗ್ ಯಂತ್ರ, ಮುಖ ನೋಡಿ ಹಾಜರಿ ಹಾಕುವ ಯಂತ್ರ. ಮಕ್ಕಳ ತಪ್ಪಲ್ಲ. ಬೇರೆ ಸಮಸ್ಯೆ ಅವರಿಗೆ ಯಾರೂ ಹೇಳಿಲ್ಲ. ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ನಾವು ಮತ್ತೆ ಮತ್ತೆ ಕೇಳುತ್ತೇವೆ, ಅಲ್ವಾ? ತಂತಿ ಹತ್ತಿರ ಬಂದರೆ ಕೂಗುವ ಒಂದು ಸಣ್ಣ ಸಾಧನವನ್ನು ಏಣಿಯ ತುದಿಗೆ ಕಟ್ಟಬಹುದಾ? ಹಗುರ ಇರಬೇಕು, ಮಳೆಗೆ ಕೆಡಬಾರದು, ಕೂಲಿ ಕೆಲಸದವರಿಗೆ ಭಾರ ಆಗಬಾರದು, ಬೆಲೆ ಕೈಗೆಟುಕಬೇಕು. ಇಷ್ಟು ಹೇಳಿದರೆ ಸಾಕು, ನಾಲ್ಕು ಮಕ್ಕಳಿಗೆ ಒಂದು ವರ್ಷದ ಕೆಲಸ ಆಯಿತು. ಆನೆ ವಿಷಯದಲ್ಲಿ ಹೀಗೇ ಆಗಿದೆ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ದಾರಿಯಲ್ಲಿ ಕೆಂಪು ದೀಪ ಹೊತ್ತಿಸುತ್ತಾರೆ. ಸಂಶೋಧಕರು ತೋಟದ ಜನರ ಜೊತೆ ಕೂತು ಕಟ್ಟಿದ ವ್ಯವಸ್ಥೆ ಅದು.

ವಿಜ್ಞಾನ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್, ಕೆ.ಎಸ್. ಕೃಷ್ಣನ್ ಅವರ ಜೊತೆ ಕಲ್ಕತ್ತೆಯಲ್ಲಿ ಬೆಳಕಿನ ಬಗ್ಗೆ ಮಾಡಿದ ಶೋಧದ ನೆನಪಿಗೆ ಅದು, 1987ರಿಂದ ಆಚರಿಸುತ್ತಾರೆ. ಅವರು ಬಳಸಿದ್ದು ಬಿಸಿಲು, ಬಣ್ಣದ ಫಿಲ್ಟರ್, ಶುದ್ಧ ಮಾಡಿದ ದ್ರವ, ತಮ್ಮದೇ ಕಣ್ಣು. ದುಬಾರಿ ಯಂತ್ರ ಏನೂ ಇರಲಿಲ್ಲ. ಆ ದಿನ ಕಾಲೇಜುಗಳು ಕ್ವಿಜ್ ಇಟ್ಟು ಕೈ ತೊಳೆದುಕೊಳ್ಳುವ ಬದಲು ಲ್ಯಾಬಿನ ಬೀಗ ತೆಗೆದು ಪಕ್ಕದ ಸರ್ಕಾರಿ ಶಾಲೆ ಮಕ್ಕಳನ್ನು ಒಳಗೆ ಬಿಟ್ಟರೆ ನನಗೆ ಸಂತೋಷ. ಟಾಟಾ ಇನ್‌ಸ್ಟಿಟ್ಯೂಟಿನ ಓಪನ್ ಡೇಯಲ್ಲಿ ಅದನ್ನೇ ಮಾಡುತ್ತಾರೆ. ಸಾಮಾನ್ಯವಾಗಿ ಒಂದು ಶನಿವಾರ, ಯಾರು ಬೇಕಾದರೂ ಹೋಗಬಹುದು. ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಜನ ವಿಪರೀತ ಇರುತ್ತಾರೆ, ಕೈ ಬಿಡಬೇಡಿ.

ದೂರ ಹೋಗಲಾಗದವರಿಗೆ ಹಕ್ಕಿ ಎಣಿಕೆ ಇದೆ. ಫೆಬ್ರವರಿ ನಡುವಿನ ಶುಕ್ರವಾರದಿಂದ ಸೋಮವಾರದವರೆಗೆ ಪ್ರಪಂಚದಾದ್ಯಂತ ನಡೆಯುತ್ತದೆ, ನಮ್ಮ ದೇಶದ ಕಾಲೇಜು ಕ್ಯಾಂಪಸ್‌ಗಳೂ ಸೇರುತ್ತವೆ. ಹದಿನೈದು ನಿಮಿಷ ಒಂದು ಕಡೆ ನಿಂತು, ಕಂಡ ಹಕ್ಕಿ, ಕೇಳಿದ ಹಕ್ಕಿ ಎಲ್ಲ ಬರೆದು ಇ-ಬರ್ಡ್ ಅನ್ನುವ ವೆಬ್‌ಸೈಟಿಗೆ ಹಾಕುವುದು. ಕ್ಯಾಂಪಸ್ಸಿನಲ್ಲೇ ಆಗಬೇಕಂತಿಲ್ಲ, ನಿಮ್ಮ ತೋಟದ ಅತ್ತಿ ಮರದ ಕೆಳಗೂ ಆಗುತ್ತದೆ. ಪಿಕಳಾರ, ಕಾಜಾಣ, ಕುಟ್ರುಹಕ್ಕಿ, ಅದೃಷ್ಟ ಇದ್ದರೆ ಮಂಗಟ್ಟೆ. ಹೆಸರು ಗೊತ್ತಿಲ್ಲದಿದ್ದರೆ ಕಾಲೇಜಿನ ಒಬ್ಬ ವಿದ್ಯಾರ್ಥಿಯನ್ನು ಕರೆಸಿ, ಕಾಫಿ ಕೊಡಿ.

ಇನ್ನು ಇದನ್ನು ಕೇಳುತ್ತಿರುವ ಪ್ರಾಧ್ಯಾಪಕರಲ್ಲಿ ಒಂದು ಕೋರಿಕೆ. ಕಾರ್ಯಕ್ರಮ ಇಡುವಾಗ ನಮ್ಮ ಕ್ಯಾಲೆಂಡರ್ ಸ್ವಲ್ಪ ನೋಡಿ. ಫೆಬ್ರವರಿಯಲ್ಲಿ ನಮ್ಮ ಕೈ ಕಾಫಿಯಲ್ಲಿರುತ್ತದೆ, ಆಗಸ್ಟಿನಲ್ಲಿ ರಸ್ತೆಯೇ ಇರುತ್ತದೋ ಇಲ್ಲವೋ. ಸರ್ಕಾರ ಹೇಳಿದ ದಿನ ಬದಲಿಸಲಾಗದು, ಒಪ್ಪಿದೆ. ಆದರೆ ನಿಮ್ಮದೇ ಸೆಮಿನಾರನ್ನು ಕೈಲ್‌ಪೊಳ್ದ್ ಹಬ್ಬ ಕಳೆದು, ಕಾಫಿ ಕೊಯ್ಲಿಗೆ ಮುಂಚೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇಡಬಹುದು. ಮಧ್ಯಾಹ್ನದ ಒಂದು ಗಂಟೆಯನ್ನಾದರೂ ಕನ್ನಡದಲ್ಲಿ ನಡೆಸಬಹುದು. ಪೋಸ್ಟರಿನ ಕೆಳಗೆ ನಾಲ್ಕು ಸಾಲು ಕನ್ನಡ ಬರೆಸಬಹುದು. ಆಹ್ವಾನ ಪತ್ರಿಕೆಯನ್ನು ನೋಟಿಸ್ ಬೋರ್ಡಿಗೆ ಮಾತ್ರ ಅಂಟಿಸದೆ ಸೊಸೈಟಿ, ಪಂಚಾಯಿತಿ, ಸಂತೆ ದಿನ ಬಸ್ ಸ್ಟ್ಯಾಂಡ್, ಎಲ್ಲಾ ಕಡೆ ಹಾಕಿಸಿ. ಹೊರಗಿನವರು ಬರಬಹುದು ಅಂತ ಅದರಲ್ಲೇ ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಗೇಟಿನಲ್ಲಿ ವಾಚ್‌ಮ್ಯಾನ್ ನಮ್ಮನ್ನೇ ವಿಚಾರಿಸುತ್ತಾ ನಿಲ್ಲುತ್ತಾನೆ. ದಿನ ಗೊತ್ತಾದ ಕೂಡಲೇ ಆಕಾಶವಾಣಿಗೂ ಒಂದು ಪತ್ರ ಹಾಕಿ, ಇಲ್ಲಿ ಓದಿ ಹೇಳುತ್ತಾರೆ.

ನಮಸ್ಕಾರ.