ಹೊಲದ ಹದ, ಆಕಾಶದ ಗೋಲಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಷ್ಟು ಜನ ಮಣ್ಣಿನ ಮಾತು ಕೇಳೋಕೆ ಬಂದಿದ್ದೀರಿ. ಖುಷಿಯಾಯಿತು.

ನಮ್ಮ ರೈತರು ಹಿಡಿ ಮಣ್ಣು ಅಮುಕಿ ಹದ ನೋಡುತ್ತಾರೆ, ಅಂದರೆ ಮಣ್ಣಿನಲ್ಲಿ ಎಷ್ಟು ತೇವ ಇದೆ ಅಂತ. ನಾವು ಲ್ಯಾಬಿನವರು ಅದೇ ಹಿಡಿ ಮಣ್ಣು ತೂಗಿ, 105 ಡಿಗ್ರಿ ಶಾಖದಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುತ್ತೇವೆ. ಎರಡೂ ಸರಿ, ಎರಡೂ ಒಂದು ಹಿಡಿಯ ಮಾತು. ಹತ್ತು ಹೆಜ್ಜೆ ಆಚೆ ಲೆಕ್ಕವೇ ಬೇರೆ. ಇನ್ನು ಉಪಗ್ರಹ? ಮಣ್ಣಿನ ತೇವ ಅಳೆಯೋಕೆ 2015ರಲ್ಲಿ ನಾಸಾ ಹಾರಿಸಿದ ಸ್ಮ್ಯಾಪ್ ಉಪಗ್ರಹದ ನಕ್ಷೆಯಲ್ಲಿ ಒಂದು ಚುಕ್ಕೆ ಸುಮಾರು 40 ಕಿಲೋಮೀಟರ್ ಅಗಲ. ಹೆಚ್ಚುಕಡಿಮೆ ಇಡೀ ಬೆಂಗಳೂರು ಒಂದೇ ಚುಕ್ಕೆ! ಅದಕ್ಕೆ ಕಾಣೋದೂ ಮೇಲಿನ 5 ಸೆಂಟಿಮೀಟರ್ ಮಣ್ಣು ಮಾತ್ರ.

ಇವೆರಡರ ನಡುವೆ ಹೊಲ ಇದೆ. ಅದನ್ನು ಅಳೆಯೋದು ಹೇಗೆ?

ಗೋಲಿ ಆಡಿದವರಿಗೆ ಇದು ಗೊತ್ತು. ಗೋಲಿಯನ್ನು ರುಬ್ಬುಗುಂಡಿಗೆ ಹೊಡೆದರೆ ಹಾಗೇ ಚಿಮ್ಮಿ ವಾಪಸ್ ಬರುತ್ತದೆ. ಅಷ್ಟೇ ದಪ್ಪದ ಇನ್ನೊಂದು ಗೋಲಿಗೆ ನೇರ ತಾಗಿದರೆ ಹೊಡೆದದ್ದು ಅಲ್ಲೇ ನಿಲ್ಲುತ್ತದೆ, ಓಟವೆಲ್ಲ ಎದುರಿನದಕ್ಕೆ ಹೋಗುತ್ತದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಗೂ ಮಣ್ಣಿಗೂ ಬಡಿದಾಗ ವೇಗದ ನ್ಯೂಟ್ರಾನ್‌ಗಳು, ಅಂದರೆ ಪರಮಾಣುವಿನ ಒಳಗಿನ ಪುಟ್ಟ ಕಣಗಳು, ಸಿಡಿದು ಬರುತ್ತವೆ. ಈ ನ್ಯೂಟ್ರಾನ್‌ಗಳಿಗೆ ಮಣ್ಣಿನ ಸಿಲಿಕಾನ್, ಆಮ್ಲಜನಕ ರುಬ್ಬುಗುಂಡು. ನೀರಿನಲ್ಲಿರುವ ಹೈಡ್ರೋಜನ್ ಮಾತ್ರ ಸರಿಸಮ ತೂಕದ ಗೋಲಿ. ಹಾಗಾಗಿ ಒದ್ದೆ ನೆಲ ನ್ಯೂಟ್ರಾನ್‌ಗಳ ಓಟ ತಗ್ಗಿಸಿಬಿಡುತ್ತದೆ. ನೆಲದ ಮೇಲೆ ಒಂದು ಕಂಬಕ್ಕೆ ವೇಗದ ನ್ಯೂಟ್ರಾನ್ ಎಣಿಸುವ ಟ್ಯೂಬ್ ಕಟ್ಟಿ. ಎಣಿಕೆ ಜಾಸ್ತಿ ಅಂದರೆ ಒಣನೆಲ, ಕಡಿಮೆ ಅಂದರೆ ಹಸಿ. 2008ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಮಾರೆಕ್ ಜ್ರೆಡಾ ಮತ್ತು ಜೊತೆಗಾರರು ಇದನ್ನು ಮಾಡಿ ತೋರಿಸಿದರು.

ಒಂದು ಕಂಬಕ್ಕೆ ಸುತ್ತಲಿನ 200 ಮೀಟರ್‌ವರೆಗಿನ ಸುದ್ದಿ ಸಿಗುತ್ತದೆ. ಸುಮಾರು 31 ಎಕರೆ! ಆಳ ಮಾತ್ರ ಒಂದೇ ಸಮ ಇರುವುದಿಲ್ಲ. ಒಣಗಿದ ನೆಲದಲ್ಲಿ ಎರಡಡಿಗೂ ಮಿಕ್ಕಿ, ಚೆನ್ನಾಗಿ ನೆನೆದ ನೆಲದಲ್ಲಿ ಅರ್ಧ ಅಡಿ.

ಇದೇ ಊರಿನ ಐಐಎಸ್‌ಸಿಯಲ್ಲಿ 1940ರ ದಶಕದಲ್ಲಿ ಹೋಮಿ ಭಾಭಾ ಕಾಸ್ಮಿಕ್ ಕಿರಣಗಳ ಹಿಂದೆ ಬಿದ್ದಿದ್ದರು. ಅವರಿಗೆ ಬೇಕಿದ್ದದ್ದು ಕಣಗಳ ಗುಟ್ಟು, ರಾಗಿ ಹೊಲದ್ದಲ್ಲ ಬಿಡಿ. ಮುಂದೆ ಚಾಮರಾಜನಗರ ಜಿಲ್ಲೆಯ ಹೊಲಗಳಲ್ಲೂ ಇಂಥ ಕಂಬಗಳನ್ನು ನಿಲ್ಲಿಸಿದರು.

ಒಂದು ತೊಡಕಿದೆ. ನಾವಿರೋದು ಭೂಮಿಯ ನಡುಪಟ್ಟಿಯ ಹತ್ತಿರ. ಇಲ್ಲಿ ಭೂಮಿಯ ಕಾಂತಕ್ಷೇತ್ರ ಕಾಸ್ಮಿಕ್ ಕಿರಣಗಳನ್ನು ಜಾಸ್ತಿ ತಡೆಯುತ್ತದೆ. ಧ್ರುವದ ಕಡೆಗೆ ಹೋಲಿಸಿದರೆ ನ್ಯೂಟ್ರಾನ್ ಸರಿಸುಮಾರು ಅರ್ಧ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಇರೋದು ಪುಣ್ಯ, ಮೇಲೆ ಹೋದಷ್ಟೂ ಎಣಿಕೆ ಏರುತ್ತದೆ. ಆದರೂ ತಾಳ್ಮೆ ಬೇಕು. ನೂರು ಎಣಿಸಿದರೆ ಹತ್ತು ಆಚೀಚೆ, ಅಂದರೆ ನೂರಕ್ಕೆ ಹತ್ತರಷ್ಟು ತಪ್ಪು. ಹತ್ತು ಸಾವಿರ ಎಣಿಸಿದರೆ ತಪ್ಪು ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ಗಂಟೆಗೊಂದು ಅಂಕಿ ಕೇಳುವ ಆತುರಗಾರರಿಗೆ ಇದು ಹೇಳಿದ್ದಲ್ಲ. ದಿನಕ್ಕೊಂದು ಕೇಳಿ.

ಗಾಳಿಯ ಒತ್ತಡ, ತೇವ ಎರಡನ್ನೂ ಲೆಕ್ಕದಿಂದ ಕಳೆಯಬೇಕು. ಬೆಳೆದು ನಿಂತ ಕಬ್ಬಿನಲ್ಲೂ ನೀರಿದೆ, ಪಕ್ಕದ ಕೆರೆಯಲ್ಲೂ ಇದೆ. ಟ್ಯೂಬಿಗೆ ಅವೆಲ್ಲ ಒಂದೇ. ಅದಕ್ಕೇ ಮೊದಲು ಸುತ್ತಲಿನ ಮಣ್ಣನ್ನು ಅಗೆದು, ಹಿಂದೆ ಹೇಳಿದ ಹಾಗೆ ಒಣಗಿಸಿ ತೂಗಿ, ಯಂತ್ರಕ್ಕೆ ಪಾಠ ಹೇಳಿಕೊಡಬೇಕು. ಬೆನ್ನು ನೋಯುವ ಕೆಲಸ.

ಇದರಿಂದ ವಿಕಿರಣ ಬರುತ್ತಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಬರಲ್ಲ. ಮಣ್ಣಿನ ತೇವ ಅಳೆಯುವ ಹಳೆಯ ಸಾಧನ ನ್ಯೂಟ್ರಾನ್ ಪ್ರೋಬಿನೊಳಗೆ ವಿಕಿರಣ ಸೂಸುವ ವಸ್ತು ಇರುತ್ತಿತ್ತು. ಇದು ಸುಮ್ನೆ ಎಣಿಸುತ್ತದೆ, ಅಷ್ಟೇ.

ಆದರೆ ಒಬ್ಬ ರೈತರು ಕೇಳಿದ್ದು ಬೇರೆ. ‘ಸಾರ್, ನಂದು ಎರಡೆಕರೆ. ಪಕ್ಕದವನು ಬೋರ್ ಬಿಟ್ಟರೆ ಅವನ ನೀರೂ ನನ್ನ ಲೆಕ್ಕಕ್ಕೆ ಬರುತ್ತಲ್ಲ?’ ಬರುತ್ತದೆ. ಕಂಬದ ಹತ್ತಿರದ ನೆಲದ ಮಾತಿಗೆ ತೂಕ ಜಾಸ್ತಿ ನಿಜ, ಆದರೂ ಅವರ ಎರಡೆಕರೆಯನ್ನು ಮಾತ್ರ ಕೇಳಿಸಿಕೊಳ್ಳೋಕೆ ಇದಕ್ಕೆ ಬರಲ್ಲ. ಅವರಿಗೆ ಹಿಡಿ ಮಣ್ಣೇ ಸರಿ ಅಂದೆ.